ಕಡಲಾಳದಲ್ಲಿ ಎಷ್ಟು ದೂರ ಕಾಣಬೇಕು?

ಎರಡನೇ ಮಹಾಯುದ್ಧದ ಜರ್ಮನ್ ಜಲಾಂತರ್ಗಾಮಿ ನಡೆಸುವ ‘ಸೈಲೆಂಟ್ ಹಂಟರ್ 3’ ಬಂದದ್ದು 2005ರಲ್ಲಿ. ಆ ಗೇಮನ್ನು ಅಭಿಮಾನಿಗಳು ತಿದ್ದಿದ್ದಕ್ಕೆ ಲೆಕ್ಕವಿಲ್ಲ. ಹೀಗೆ ತಿದ್ದುವವರು, ಅಂದರೆ ಮಾಡ್ ಮಾಡುವವರು, ಮತ್ತೆ ಮತ್ತೆ ಕೈಯಾಡಿಸುವ ಜಾಗ ನೀರಿನಡಿಯ ಗೋಚರತೆ. ಕ್ಯಾಮೆರಾವನ್ನು ಬೋಟಿನಿಂದಾಚೆ ನೀರಿಗಿಳಿಸಿದಾಗ ಎಷ್ಟು ದೂರ ಕಾಣಬೇಕು?

ಆಟಗಾರರಿಗೆ ಕಂಡಷ್ಟೂ ಖುಷಿ. ಸಮುದ್ರ ಅಷ್ಟು ಉದಾರಿಯಲ್ಲ. ಜರ್ಮನ್ನರ ಟೈಪ್ 7ಸಿ ಜಲಾಂತರ್ಗಾಮಿಯ ಉದ್ದ ಸುಮಾರು 67 ಮೀಟರ್. ಉತ್ತರ ಸಮುದ್ರದ ಕರಾವಳಿಯಲ್ಲಿ ನೀರು ಕದಡಿದ್ದಾಗ ಹತ್ತು ಮೀಟರ್ ಆಚೆಗೆ ಏನೂ ಕಾಣುವುದಿಲ್ಲ. ಅಂಥ ನೀರಿನಲ್ಲಿ ಪ್ರೊಪೆಲರ್ ಬಳಿ ಮುಳುಗಿ ನೋಡಿದವನಿಗೆ ಮುಂಭಾಗದ ಟಾರ್ಪಿಡೊ ಕೊಳವೆಗಳಿರಲಿ, ನಡುವಿನ ಗೋಪುರವೂ ಕಾಣದು.

ನೀರು ಬೆಳಕನ್ನು ಹೀರುತ್ತದೆ, ತೇಲುವ ಕಣಗಳು ಅದನ್ನು ಚದುರಿಸುತ್ತವೆ. ಪ್ರತಿ ಮೀಟರಿಗೂ, ಅಲ್ಲಿಯವರೆಗೆ ಉಳಿದ ಬೆಳಕಿನಲ್ಲಿ ಒಂದೇ ಪ್ರಮಾಣದ ಪಾಲು ನಷ್ಟವಾಗುತ್ತದೆ. ಪಿಯರ್ ಬೂಗೆ 1729ರಲ್ಲೇ ಕಂಡುಕೊಂಡ ಈ ನಿಯಮವೇ, ದೂರದ್ದನ್ನು ಮಂಜು ಕವಿದಂತೆ ಮಸುಕಾಗಿಸುವ ಇಂದಿನ ಗೇಮ್‌ಗಳ ‘ಎಕ್ಸ್‌ಪೊನೆನ್ಷಿಯಲ್ ಫಾಗ್’ ಲೆಕ್ಕದ ಬೆನ್ನೆಲುಬು. ಇಲ್ಲಿಂದ ಶುರು, ಅಲ್ಲಿಗೆ ಮುಗಿಯಿತು ಎಂದು ಎರಡು ದೂರ ಕೊಡುವ ‘ಲೀನಿಯರ್ ಫಾಗ್’ ಕೂಡ ಉಂಟು. ಎರಡು ದೂರಗಳನ್ನು ಹತ್ತಿರ ಹತ್ತಿರ ಇಟ್ಟರೆ ನೀರಿನೊಳಗೆ ಗೋಡೆ ಎದ್ದಂತೆ ತೋರುತ್ತದೆ. ಸಾಧ್ಯವಿದ್ದಲ್ಲಿ ಎಕ್ಸ್‌ಪೊನೆನ್ಷಿಯಲ್ ಫಾಗನ್ನೇ ಆರಿಸಿ.

ವಸ್ತುವಿಗೂ ಹಿನ್ನೆಲೆಗೂ ಇರುವ ವ್ಯತ್ಯಾಸ ಸುಮಾರು ಶೇ 2ಕ್ಕಿಳಿದರೆ ಕಣ್ಣು ಅದನ್ನು ಗುರುತಿಸಲಾರದು. ಹಾಗಾಗಿ ಬೇಕಾದ ಗೋಚರತೆಯನ್ನು ಮೀಟರಿನಲ್ಲಿ ಬರೆದುಕೊಂಡು, 3.9ನ್ನು ಅದರಿಂದ ಭಾಗಿಸಿದರೆ ಪ್ರತಿ ಮೀಟರಿಗೆ ಬೇಕಾದ ಮಂಜಿನ ಸಾಂದ್ರತೆ ಸಿಗುತ್ತದೆ. 20 ಮೀಟರಿಗೆ ಸುಮಾರು 0.2, 40 ಮೀಟರಿಗೆ 0.1.

ದೂರಕ್ಕಿಂತ ಹೆಚ್ಚಾಗಿ ಎಡವುವುದು ಬಣ್ಣದಲ್ಲಿ. ಶುದ್ಧ ನೀರಿನಲ್ಲೂ 650 ನ್ಯಾನೊಮೀಟರ್ ತರಂಗಾಂತರದ ಕೆಂಪು ಬೆಳಕು ಮೀಟರಿಗೆ ಸುಮಾರು ಶೇ 29ರಷ್ಟು ಕರಗುತ್ತದೆ. 10 ಮೀಟರ್ ಸಾಗುವಷ್ಟರಲ್ಲಿ ಉಳಿಯುವುದು ಶೇ 3. ಅಷ್ಟೇ ದೂರದಲ್ಲಿ 450 ನ್ಯಾನೊಮೀಟರಿನ ನೀಲಿ ಕಳೆದುಕೊಳ್ಳುವುದು ಶೇ 9 ಮಾತ್ರ. ಸರಕು ಹಡಗಿನ ತಳಕ್ಕೆ ಬಳಿದ ಕೆಂಪು ಬಣ್ಣ ಕೆಳಗಿನಿಂದ ನೋಡಿದಾಗ ಮಾಸಲು ಕಂದಾಗಿ ಅಥವಾ ಕಪ್ಪಾಗಿಯೇ ಕಾಣಬೇಕು. ಅನೇಕ ಮಾಡ್‌ಗಳಲ್ಲಿ ಅದು ಈಗಷ್ಟೇ ಬಳಿದಂತೆ ಹೊಳೆಯುತ್ತದೆ. ಈ ಒಂದು ತಪ್ಪು ಇಡೀ ದೃಶ್ಯದ ನಂಬಿಕೆ ಕೆಡಿಸುತ್ತದೆ.

ಎಲ್ಲ ಕಡಲಿಗೂ ಒಂದೇ ಸಂಖ್ಯೆ ಹೊಂದುವುದಿಲ್ಲ. ಆಂಜೆಲೊ ಸೆಕ್ಕಿ 1865ರಲ್ಲಿ ಮೆಡಿಟರೇನಿಯನ್‌ನಲ್ಲಿ ಬಿಳಿ ತಟ್ಟೆ ಇಳಿಬಿಟ್ಟು, ಅದು ಕಣ್ಮರೆಯಾಗುವ ಆಳದಿಂದ ನೀರಿನ ತಿಳಿತನ ಅಳೆದರು. ಆ ಕಡಲು ಎಷ್ಟು ತಿಳಿಯೆಂದರೆ, ಯುದ್ಧಕಾಲದಲ್ಲಿ ಮುಳುಗಿದ್ದ ಜಲಾಂತರ್ಗಾಮಿಯ ನೆರಳು ವಿಮಾನದವರ ಕಣ್ಣಿಗೆ ಬೀಳುವ ಅಪಾಯವಿತ್ತು. ಅಲ್ಲಿಗೆ 40 ಮೀಟರ್ ಕೊಡಿ, ಉತ್ತರ ಸಮುದ್ರಕ್ಕೆ ಹತ್ತೇ ಸಾಕು.

ಬದಲಾವಣೆಗೆ ಮೊದಲು ಮೂಲ ಫೈಲಿನ ಪ್ರತಿ ತೆಗೆದಿಡಿ. ಒಂದು ಸಲಕ್ಕೆ ಒಂದೇ ಸಂಖ್ಯೆ ಮುಟ್ಟಿ, ಹಗಲು, ರಾತ್ರಿ ಎರಡರಲ್ಲೂ ಮುಳುಗಿ ನೋಡಿ, ಆಮೇಲೆ ಮುಂದಿನದಕ್ಕೆ ಹೋಗಿ.