ಪುಟ್ಟಿಯ ಕಾರ್ಬನ್ ಬ್ಯಾಟು

ನಮ್ಮ ಮನೆಯಲ್ಲಿ ಟೇಬಲ್ ಟೆನಿಸ್‌ನ ಎರಡು ಬ್ಯಾಟುಗಳಿವೆ. ಹಳೆಯದು ಮೊಮ್ಮಗಳದ್ದು, ದುಬಾರಿಯಾದ ಹೊಸದು ನನ್ನದು. ಅರವತ್ತೆಂಟರ ಅಜ್ಜನಿಗೆ ಕಾರ್ಬನ್ ಬ್ಯಾಟು ಏಕೆ ಎಂದು ನೀವು ನಗಬಹುದು. ಅದರ ಹಿಂದೆ ನಾನು ಮಾಡಿದ ಒಂದು ತಪ್ಪಿನ ಕತೆಯಿದೆ.

ಪುಟ್ಟಿಗೆ ಈಗ 13 ವರ್ಷ. ಆಟಕ್ಕಿಳಿದರೆ ಕಾಯುವವಳೇ ಅಲ್ಲ. ಚೆಂಡು ಸ್ವಲ್ಪ ಎತ್ತರಕ್ಕೆ ಬಂದರೆ ಸಾಕು, ಬಾರಿಸಿಬಿಡುತ್ತಾಳೆ. ಎದುರಾಳಿ ಹುಡುಗಿಯೊಬ್ಬಳ ಕೈಯಲ್ಲಿ ಕಾರ್ಬನ್ ಬ್ಯಾಟು ಕಂಡ ದಿನದಿಂದ, "ಅಜ್ಜ, ನಂಗೂ ಅದೇ ಬೇಕು" ಎಂದು ಒಂದೇ ರಾಗ. ಶಾಲೆಯ ತಂಡಕ್ಕೆ ಆಯ್ಕೆಯಾದರೆ ಕೊಡಿಸುತ್ತೇನೆ ಎಂದೆ. ಆಯ್ಕೆಯಾದಳು. ಪಿಂಚಣಿ ಹಣದಲ್ಲಿ, ಅಂಗಡಿಯಲ್ಲಿದ್ದ ಅತಿ ವೇಗದ ಬ್ಯಾಟನ್ನೇ ಕೊಂಡು ತಂದೆ. ಪಂದ್ಯಾವಳಿಗೆ ಹತ್ತೇ ದಿನ ಉಳಿದಿತ್ತು.

ಮೊದಲ ಸುತ್ತಿನಲ್ಲೇ ಸೋತಳು. ಹೊಡೆದ ಚೆಂಡುಗಳೆಲ್ಲ ಮೇಜು ದಾಟಿ ಹೋದವು. "ಗಮನ ಎಲ್ಲಿತ್ತೇ ನಿಂಗೆ?" ಎಂದು ದಾರಿಯುದ್ದಕ್ಕೂ ಗದರಿದೆ. ಅವಳು ತುಟಿ ಬಿಚ್ಚಲಿಲ್ಲ. ಆಮೇಲೆ ಅಭ್ಯಾಸಕ್ಕೆ ಹೋಗುವ ಹೊತ್ತಾದರೆ ಒಂದು ದಿನ ಹೊಟ್ಟೆನೋವು, ಇನ್ನೊಂದು ದಿನ ಹೋಮ್‌ವರ್ಕ್. ಕೊನೆಗೆ ಅಜ್ಜಿಯ ಬಳಿ ಬಾಯಿಬಿಟ್ಟಳಂತೆ: "ಆ ಬ್ಯಾಟಲ್ಲಿ ನಂಗೆ ಆಡೋಕೇ ಆಗ್ತಿಲ್ಲ ಅಜ್ಜಿ. ಅಜ್ಜ ಅಷ್ಟು ದುಡ್ಡು ಕೊಟ್ಟಿದ್ದಾರೆ, ಹೇಗೆ ಹೇಳ್ಲಿ?"

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮರುದಿನ ಎರಡೂ ಬ್ಯಾಟು ಹಿಡಿದು ಅವಳ ಕೋಚ್ ಬಳಿ ಹೋದೆ. ಕೊಳ್ಳುವ ಮೊದಲೇ ಮಾಡಬೇಕಿದ್ದ ಕೆಲಸ ಅದು.

ಬ್ಯಾಟಿನ ಮರದ ಭಾಗಕ್ಕೆ ಬ್ಲೇಡ್ ಎನ್ನುತ್ತಾರೆ. ಅದರ ಎರಡೂ ಮುಖಕ್ಕೆ ರಬ್ಬರ್ ಅಂಟಿಸುತ್ತಾರೆ. ಬ್ಲೇಡ್ ಒಂದೇ ಹಲಗೆಯಂತೆ ಕಂಡರೂ ತೆಳುವಾದ ಹಲವು ಪದರಗಳನ್ನು ಕೂಡಿಸಿ ಮಾಡಿದ್ದು. ಪುಟ್ಟಿಯ ಹಳೆಯದರಲ್ಲಿ ಮರದ ಐದು ಪದರಗಳಿವೆ. ಹೊಸದರಲ್ಲಿ ಅವುಗಳ ನಡುವೆ ಕಾರ್ಬನ್ ನೂಲಿನ ಎರಡು ತೆಳು ಪದರಗಳೂ ಸೇರಿವೆ. ಹಾಗೆಂದು ಇಡೀ ಬ್ಲೇಡನ್ನು ಕಾರ್ಬನ್‌ನಿಂದ ಮಾಡುವಂತಿಲ್ಲ. ದಪ್ಪದಲ್ಲಿ ಕನಿಷ್ಠ ಶೇ 85ರಷ್ಟು ನೈಸರ್ಗಿಕ ಮರವೇ ಇರಬೇಕು, ಕಾರ್ಬನ್‌ನ ಒಂದು ಪದರ 0.35 ಮಿಲಿಮೀಟರ್ ಮೀರಬಾರದು ಎಂಬುದು ಅಂತರರಾಷ್ಟ್ರೀಯ ನಿಯಮ.

ಅಷ್ಟು ತೆಳುವಾದದ್ದು ಏನು ಮಾಡೀತು ಎಂದು ಕೇಳಿದೆ. ಚೆಂಡು ಬಡಿದಾಗ ಮರ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ನಡುಗುತ್ತದೆ. ಕಾರ್ಬನ್ ಸೇರಿದರೆ ಬ್ಲೇಡ್ ಬಿಗಿಯಾಗಿ, ಬಾಗುವುದು ಕಡಿಮೆಯಾಗುತ್ತದೆ. ಚೆಂಡು ಬ್ಯಾಟಿನ ಮೇಲೆ ನಿಲ್ಲುವುದೇ ಸೆಕೆಂಡಿನ ಸುಮಾರು ಸಾವಿರದ ಒಂದು ಪಾಲು. ಬಿಗಿಯಾದ ಬ್ಲೇಡ್‌ನಲ್ಲಿ ಇನ್ನೂ ಬೇಗ ಚಿಮ್ಮುತ್ತದೆ. ಚೆಂಡನ್ನು ಸವರಿ ಮುಂದಕ್ಕೆ ತಿರುಗಿಸುವ ಟಾಪ್‌ಸ್ಪಿನ್ ಹೊಡೆತ ಚೆನ್ನಾಗಿ ಬರುವವರಿಗೆ ಈ ವೇಗ ವರ. ಆ ತಿರುಗುವಿಕೆಯೇ ಚೆಂಡನ್ನು ಬಾಗಿಸಿ ಮೇಜಿನ ಮೇಲೆ ಇಳಿಸುತ್ತದೆ. ಸವರಲು ಇನ್ನೂ ಕಲಿಯುತ್ತಿರುವವರ ಚೆಂಡು ನೇರವಾಗಿ ಹೊರಗೆ ಹಾರುತ್ತದೆ.

ಕೋಚ್ ಒಂದು ಸರಳ ಪರೀಕ್ಷೆ ಮಾಡಿದರು. ಎರಡು ಬ್ಲೇಡಿಗೂ ಒಂದೇ ಬಗೆಯ ರಬ್ಬರ್ ಹಚ್ಚಿಸಿ, ಪುಟ್ಟಿಗೆ ಇಪ್ಪತ್ತಿಪ್ಪತ್ತು ಚೆಂಡು ಹಾಕಿದರು. ಹಳೆಯದರಲ್ಲಿ 16 ಮೇಜಿನ ಮೇಲೆ ಬಿದ್ದವು, ಹೊಸದರಲ್ಲಿ 9. "ಹುಡುಗಿಯ ಗಮನ ಸರಿಯಾಗೇ ಇದೆ ಸಾರ್" ಎಂದರು. ನಾನು ತಲೆ ತಗ್ಗಿಸಿದೆ.

ಆಮೇಲೆ ಅವರು ಹೇಳಿದ್ದನ್ನು ಮಕ್ಕಳೂ ಅಜ್ಜ-ಅಜ್ಜಿಯರೂ ನೆನಪಿಡಬೇಕು. ಫೋರ್‌ಹ್ಯಾಂಡ್, ಬ್ಯಾಕ್‌ಹ್ಯಾಂಡ್ ಎರಡರಲ್ಲೂ ತಪ್ಪದೆ ಸಾಲಾಗಿ ಟಾಪ್‌ಸ್ಪಿನ್ ಹೊಡೆಯಲು ಬಂದ ಮೇಲೆ ಕಾರ್ಬನ್ ಯೋಚಿಸಿ. ಮೊದಲ ಕಾರ್ಬನ್ ಬ್ಲೇಡ್ ಆದರೆ, ಕಾರ್ಬನ್ ನಡುಮರಕ್ಕೆ ಅಂಟಿಕೊಂಡಿರುವುದನ್ನೇ ಆರಿಸಿ. ಅದು ಮೆಲ್ಲಗೆ ಆಡಿದಾಗ ಮರದಂತೆಯೇ ಇರುತ್ತದೆ, ಜೋರಾಗಿ ಹೊಡೆದಾಗ ವೇಗ ಕೊಡುತ್ತದೆ. ಹೊರಗಿನ ಪದರದ ಕೆಳಗೇ ಕಾರ್ಬನ್ ಇದ್ದರೆ ಸಣ್ಣ ತಟ್ಟಿಗೂ ಚೆಂಡು ಚಿಮ್ಮುತ್ತದೆ. ನಾನು ಕೊಂಡದ್ದು ಅದನ್ನೇ! ತೂಕವನ್ನೂ ನೋಡಿ. ಬ್ಲೇಡ್ ಮಾತ್ರ 85 ಗ್ರಾಂ ಆಸುಪಾಸು ಇದ್ದರೂ, ರಬ್ಬರ್ ಸೇರಿದರೆ ಬ್ಯಾಟು ಸುಮಾರು ಎರಡರಷ್ಟು ಭಾರವಾಗುತ್ತದೆ. ಪುಟ್ಟ ಮಣಿಕಟ್ಟಿಗೆ ಹಗುರವಾದದ್ದೇ ಒಳ್ಳೆಯದು. ಹಿಡಿ ಅಂಗೈಗೆ ಒಗ್ಗಬೇಕು. ಸಾಧ್ಯವಾದರೆ ಯಾರದಾದರೂ ಬ್ಯಾಟು ಕೇಳಿ ಪಡೆದು ಆಡಿ ನೋಡಿ, ಆಮೇಲೆ ಕೊಳ್ಳಿ.

ಇನ್ನೊಂದು ಮಾತು: ಪಂದ್ಯದ ಹೊಸ್ತಿಲಲ್ಲಿ ಬ್ಯಾಟು ಬದಲಿಸಬೇಡಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚೀನಾದ ವಾಂಗ್ ಚುಚಿನ್ ಮಿಶ್ರ ಡಬಲ್ಸ್ ಚಿನ್ನ ಗೆದ್ದ ಸಂಭ್ರಮದಲ್ಲಿ, ಛಾಯಾಗ್ರಾಹಕರ ನೂಕುನುಗ್ಗಲಿಗೆ ಅವರ ಬ್ಯಾಟು ಮುರಿಯಿತು. ಮರುದಿನ ಬದಲಿ ಬ್ಯಾಟಿನಲ್ಲಿ ಆಡಿದ ಅವರು ಸ್ವೀಡನ್ನಿನ ಟ್ರುಲ್ಸ್ ಮೊರೆಗಾರ್ಡ್‌ಗೆ ಸೋತರು. ಆಗ ಅವರು ವಿಶ್ವದ ಒಂದನೇ ಕ್ರಮಾಂಕದ ಆಟಗಾರ. ಸೋಲಿಗೆ ಬ್ಯಾಟೊಂದೇ ಕಾರಣ ಎನ್ನಲಾಗದು. ಆದರೂ ಕೈಗೆ ಪಳಗಿದ ಬ್ಯಾಟಿನ ಬೆಲೆ ಆಟಗಾರನಿಗೇ ಗೊತ್ತು.

ಮನೆಗೆ ಬರುವಾಗ ಪುಟ್ಟಿಗೆ ಹೇಳಿದೆ: "ತಪ್ಪು ನಂದು ಪುಟ್ಟಿ. ಇನ್ಮೇಲೆ ಏನಿದ್ರೂ ನಂಗೇ ಹೇಳು. ದುಡ್ಡಿನ ಯೋಚನೆ ನಿಂಗೆ ಬೇಡ." ಅವಳು ನನ್ನ ಕೈ ಹಿಡಿದುಕೊಂಡಳು.

ಈಗ ಭಾನುವಾರ ಸಂಜೆ ನಾವಿಬ್ಬರೂ ಆಡುತ್ತೇವೆ. ಓಡಲಾರದ ನನಗೆ, ಬಂದ ಚೆಂಡಿಗೆ ಸುಮ್ಮನೆ ಅಡ್ಡ ಹಿಡಿದರೂ ವೇಗವಾಗಿ ಹಿಂದಿರುಗಿಸುವ ಕಾರ್ಬನ್ ಬ್ಯಾಟು ಚೆನ್ನಾಗಿಯೇ ಒಗ್ಗಿದೆ. ಕಳೆದ ವಾರ ಅವಳು ಹಳೆಯ ಬ್ಯಾಟಿನಲ್ಲೇ ನನ್ನನ್ನು 11-4ರಿಂದ ಸೋಲಿಸಿ, "ಗಮನ ಎಲ್ಲಿತ್ತಜ್ಜಾ ನಿಂಗೆ?" ಎಂದಳು.