ಮೂವತ್ತು-ನಲವತ್ತರ ಸೈಟಿನಲ್ಲಿ ಬೀಜಗಣಿತ

ಪರೀಕ್ಷೆ ಹತ್ತಿರ ಬಂತೆಂದರೆ ಜಯನಗರ, ಬನಶಂಕರಿಯ ಮನೆಗಳಲ್ಲಿ ಸೂತ್ರಗಳ ಪಾರಾಯಣ ಶುರುವಾಗುತ್ತದೆ. ಕೋಣೆಯ ಗೋಡೆಗೆ, ಕನ್ನಡಿಯ ಮೂಲೆಗೆ, ಫ್ರಿಜ್ಜಿನ ಬಾಗಿಲಿಗೆ ಚೀಟಿಗಳು ಅಂಟಿಕೊಳ್ಳುತ್ತವೆ. ಸೂತ್ರ ಒಪ್ಪಿಸು ಎಂದರೆ ಮಕ್ಕಳು ಉಸಿರು ಬಿಡದೆ ಒಪ್ಪಿಸುತ್ತಾರೆ. ಅದು ಎಲ್ಲಿಂದ ಬಂತು ಎಂದು ಕೇಳಿದರೆ ಮಾತ್ರ ಮೌನ. ಮರೆತರೆ ಗತಿಯೇನು ಎಂಬ ಭಯದಲ್ಲೇ ಎಷ್ಟೋ ಮಕ್ಕಳು ಹತ್ತನೆಯ ತರಗತಿ ಮುಗಿಯುತ್ತಲೇ ಗಣಿತಕ್ಕೆ ಕೈಮುಗಿದುಬಿಡುತ್ತಾರೆ.

ಬಹುಪದೋಕ್ತಿ ಎಂಬ ಹೆಸರು ಕೇಳಿ ಬೆಚ್ಚಬೇಕಾಗಿಲ್ಲ. ನಮ್ಮ ಬಡಾವಣೆಗಳ 30 ಅಡಿ, 40 ಅಡಿ ಸೈಟನ್ನೇ ತೆಗೆದುಕೊಳ್ಳಿ. ವಿಸ್ತೀರ್ಣ 1,200 ಚದರ ಅಡಿ. ಪಾಲಿಕೆಯ ನಿಯಮ ಹಾಗಿರಲಿ. ನಾಲ್ಕೂ ಕಡೆ ಒಂದೇ ಅಳತೆಯ ಜಾಗ ಬಿಟ್ಟು, ಸರಿಯಾಗಿ ಅರ್ಧದಲ್ಲಿ, ಎಂದರೆ 600 ಚದರ ಅಡಿಯಲ್ಲಿ ಮನೆ ಕಟ್ಟಬೇಕು. ಎಷ್ಟು ಅಡಿ ಬಿಡಬೇಕು?

ಬಿಡುವ ಜಾಗ 'ಕ್ಷ' ಅಡಿ ಎನ್ನೋಣ. ಆಗ ಮನೆಯ ಅಗಲ 30 − 2ಕ್ಷ, ಉದ್ದ 40 − 2ಕ್ಷ. ಎರಡನ್ನೂ ಗುಣಿಸಿ 600ಕ್ಕೆ ಸಮ ಮಾಡಿ, ಎಲ್ಲವನ್ನೂ 4ರಿಂದ ಭಾಗಿಸಿದರೆ ಉಳಿಯುವುದು ಇಷ್ಟೇ: ಕ್ಷ² − 35ಕ್ಷ + 150 = 0. ಅಪವರ್ತಿಸಿದರೆ (ಕ್ಷ − 5)(ಕ್ಷ − 30) = 0. ಉತ್ತರ ಎರಡು, 5 ಮತ್ತು 30.

5 ಅಡಿ ಬಿಟ್ಟರೆ 20 ಅಡಿ ಅಗಲ, 30 ಅಡಿ ಉದ್ದದ ಮನೆ ಎದ್ದು ನಿಲ್ಲುತ್ತದೆ. 30 ಅಡಿ ಬಿಟ್ಟರೆ? ಅಗಲ ಋಣ 30, ಉದ್ದ ಋಣ 20! ಗುಣಲಬ್ಧ 600 ಬರುವುದೇನೋ ನಿಜ, ಆದರೆ ಆ ಮನೆಯಲ್ಲಿ ಸಂಸಾರ ಹೂಡಲಾಗದು. ಸೂತ್ರ ಎರಡನ್ನೂ ನಮ್ಮ ಮುಂದಿಡುತ್ತದೆ. ಆರಿಸುವ ವಿವೇಕ ನಮ್ಮದು.

ಈ ವಿವೇಕ ಕನ್ನಡ ನಾಡಿಗೆ ಹೊಸದೇನಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ರಚಿಸಿದ. ಧನಸಂಖ್ಯೆಗೆ ಧನ, ಋಣ ಎಂಬ ಎರಡು ವರ್ಗಮೂಲಗಳಿವೆ, ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಆತ ಸ್ಪಷ್ಟವಾಗಿ ಹೇಳಿದ್ದಾನೆ. 1912ರಲ್ಲಿ ಎಂ. ರಂಗಾಚಾರ್ಯರು ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು.

ಅದರಲ್ಲೊಂದು ಒಂಟೆಗಳ ಲೆಕ್ಕವಿದೆ. ಹಿಂಡಿನ ಕಾಲು ಭಾಗ ಕಾಡಿನಲ್ಲಿ. ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ಇಳಿಜಾರಿನಲ್ಲಿ. ಉಳಿದ 15 ನದಿಯ ದಡದಲ್ಲಿ. ಒಟ್ಟು ಒಂಟೆಗಳೆಷ್ಟು? ವರ್ಗಮೂಲವನ್ನು ಕ್ಷ ಎಂದುಕೊಂಡರೆ 3ಕ್ಷ² − 8ಕ್ಷ = 60 ಎಂಬ ಸಮೀಕರಣ ಸಿಗುತ್ತದೆ.

ಇದನ್ನು ಬಿಡಿಸಲು ಶ್ರೀಧರಾಚಾರ್ಯನ ಉಪಾಯ ಬಲು ಸೊಗಸು. ಆತನ ಬೀಜಗಣಿತ ಗ್ರಂಥ ಇಂದು ಲಭ್ಯವಿಲ್ಲ. 12ನೆಯ ಶತಮಾನದ ಭಾಸ್ಕರಾಚಾರ್ಯ ಉದ್ಧರಿಸಿದ್ದರಿಂದ ಈ ನಿಯಮ ಉಳಿಯಿತು. ಮೊದಲ ಸಹಗುಣಕದ ನಾಲ್ಕರಷ್ಟರಿಂದ, ಎಂದರೆ 12ರಿಂದ, ಎರಡೂ ಕಡೆ ಗುಣಿಸಿ: 36ಕ್ಷ² − 96ಕ್ಷ = 720. ನಡುವಿನ ಸಹಗುಣಕ 8ರ ವರ್ಗ 64ನ್ನು ಎರಡೂ ಕಡೆ ಕೂಡಿಸಿ. ಎಡಗಡೆ (6ಕ್ಷ − 8)², ಬಲಗಡೆ 784, ಎಂದರೆ 28ರ ವರ್ಗ. 6ಕ್ಷ − 8 = 28 ಆದರೆ ಕ್ಷ = 6, ಹಿಂಡು 36. ತಾಳೆ ನೋಡಿ: 9, 12, 15 ಕೂಡಿದರೆ 36. ಋಣ 28 ಹಿಡಿದರೆ ಕ್ಷ ಋಣಭಿನ್ನರಾಶಿ. ಒಂಟೆಯ ಲೆಕ್ಕಕ್ಕೆ ಅದು ಬಾರದು.

3, 8, 60ರ ಜಾಗದಲ್ಲಿ ಅಕ್ಷರಗಳನ್ನಿಟ್ಟು ಇದೇ ಹೆಜ್ಜೆಗಳನ್ನು ಹಾಕಿ. ಗೋಡೆಯ ಚೀಟಿಯಲ್ಲಿರುವ ಸೂತ್ರ ತಾನಾಗಿ ಮೂಡುತ್ತದೆ! ಮರೆತರೂ ಎರಡೇ ನಿಮಿಷದಲ್ಲಿ ಮತ್ತೆ ಕಟ್ಟಿಕೊಳ್ಳಬಹುದು.

ಸೂತ್ರಕ್ಕೂ ಒಂದು ಎಲ್ಲೆಯಿದೆ. ಮೂರು, ನಾಲ್ಕನೆಯ ಘಾತದ ಸಮೀಕರಣಗಳ ಪರಿಹಾರವನ್ನು ಇಟಲಿಯ ಕಾರ್ಡಾನೊ 1545ರಲ್ಲಿ ಪ್ರಕಟಿಸಿದ. ಐದನೆಯ ಘಾತಕ್ಕೆ ಮೂಲಚಿಹ್ನೆಗಳಿಂದ ಕಟ್ಟಿದ ಸಾರ್ವತ್ರಿಕ ಸೂತ್ರ ಸಾಧ್ಯವೇ ಇಲ್ಲವೆಂದು ನಾರ್ವೆಯ ತರುಣ ಆಬೆಲ್ 1824ರಲ್ಲಿ ಸಾಧಿಸಿ ತೋರಿಸಿದ. ಆಗ ಅವನಿಗೆ ವಯಸ್ಸು 22 ಮಾತ್ರ!

ಆದ್ದರಿಂದ ತಂದೆತಾಯಿಗಳಲ್ಲಿ ಒಂದು ವಿನಂತಿ. ಸೂತ್ರ ಬಾಯಿಪಾಠವಾಯಿತೇ ಎಂದು ಹತ್ತು ಸಲ ಕೇಳುವ ಬದಲು, ಹೇಗೆ ಬಂತು ತೋರಿಸು ಎಂದು ಒಮ್ಮೆ ಕೇಳಿ. ಕಂಠಪಾಠ ಪರೀಕ್ಷೆಯ ಮರುದಿನ ಮರೆತೀತು. ತಾನೇ ಕಟ್ಟಿದ್ದು ಮಗುವಿನ ಸ್ವಂತ ಆಸ್ತಿ.