ಏಳು ಜೋಡಿಗೆ ಇಳಿದ ಲೆಕ್ಕ

ಆರು ದೋಣಿ, ಐದು ದಿನ, 79 ಮೈಲಿ ಉದ್ದದ ನದಿ. 2024ರ ಜುಲೈನಲ್ಲಿ ಇಷ್ಟೆಲ್ಲ ಶ್ರಮಪಟ್ಟು ಥೇಮ್ಸ್ ನದಿಯಲ್ಲಿ ಎಣಿಸಿದ್ದು 86 ಹಂಸದ ಮರಿಗಳನ್ನು. ಮೈಲಿಗೆ ಒಂದು ಮರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ದೊಡ್ಡ ಸಂಖ್ಯೆಗಳಿಗೆ ಬೆರಗಾಗುವುದು ನಮಗೆ ರೂಢಿ. ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಂಖ್ಯೆಯ ಚಿಕ್ಕತನ.

ಇಂಗ್ಲೆಂಡಿನ ಈ ವಾರ್ಷಿಕ ಆಚರಣೆಯ ಹೆಸರು ‘ಸ್ವಾನ್ ಅಪ್ಪಿಂಗ್’. ಲಂಡನ್ನಿಗೆ ಪಶ್ಚಿಮದ ಸನ್‌ಬರಿಯಿಂದ ಹೊರಟ ದೋಣಿಗಳು ಹರಿವಿಗೆ ಎದುರಾಗಿ ಆಬಿಂಗ್ಡನ್‌ವರೆಗೆ ಸಾಗುತ್ತವೆ. 12ನೇ ಶತಮಾನದಿಂದ ಹಂಸಗಳು ಅರಸೊತ್ತಿಗೆಯ ಸ್ವತ್ತು. 15ನೇ ಶತಮಾನದಲ್ಲಿ ಲಂಡನ್ನಿನ ದ್ರಾಕ್ಷಾರಸ ವರ್ತಕರ ‘ವಿಂಟ್ನರ್ಸ್’ ಸಂಘಕ್ಕೂ ಬಣ್ಣಗಾರರ ‘ಡೈಯರ್ಸ್’ ಸಂಘಕ್ಕೂ ಅದರಲ್ಲಿ ಪಾಲು ಸಿಕ್ಕಿತು. ಆಗ ಹಂಸವೆಂದರೆ ಸಿರಿವಂತರ ಔತಣದ ಮಾಂಸ. ಆದ್ದರಿಂದಲೇ ಯಾರ ಹಕ್ಕಿ ಯಾವುದು ಎಂಬ ಲೆಕ್ಕ. ಡೈಯರ್ಸ್ ಹಂಸದ ಕೊಕ್ಕಿಗೆ ಒಂದು ಗೀರು, ವಿಂಟ್ನರ್ಸ್ ಹಂಸಕ್ಕೆ ಎರಡು. ರಾಜನ ಹಂಸಕ್ಕೆ ಯಾವ ಗುರುತೂ ಇಲ್ಲ, ಗುರುತಿಲ್ಲದಿರುವುದೇ ರಾಜಮುದ್ರೆ. ಈಗ ಗೀರು ಹಾಕುವುದಿಲ್ಲ, ಕಾಲಿಗೆ ಸಂಖ್ಯೆಯ ಬಳೆ ತೊಡಿಸುತ್ತಾರೆ.

ಜುಲೈ ತಿಂಗಳನ್ನು ಸುಮ್ಮನೆ ಆರಿಸಿದ್ದಲ್ಲ. ಮರಿಗಳಿಗೆ ಆಗಿನ್ನೂ ಹಾರಲು ಬಾರದು. ದೊಡ್ಡ ಹಕ್ಕಿಗಳೂ ರೆಕ್ಕೆಯ ಗರಿ ಉದುರಿಸಿಕೊಂಡು ನೀರಿನಲ್ಲೇ ಉಳಿದಿರುತ್ತವೆ. ಮರಿಗಳಿರುವ ಸಂಸಾರ ಕಂಡೊಡನೆ ‘ಆಲ್ ಅಪ್!’ ಎಂಬ ಕೂಗು. ದೋಣಿಗಳು ಸುತ್ತುವರಿದು ವರ್ತುಲವನ್ನು ಕಿರಿದು ಮಾಡುತ್ತ ಬರುತ್ತವೆ. ರೆಕ್ಕೆ ಬಿಚ್ಚಿದರೆ ಏಳು ಅಡಿ ದಾಟುವ, ಹತ್ತು ಕಿಲೋ ತೂಗುವ ಹಕ್ಕಿಯನ್ನು ಬರಿಗೈಯಲ್ಲಿ ದೋಣಿಗೆ ಎತ್ತಬೇಕು. ದಡದಲ್ಲಿ ಮರಿಗಳನ್ನು ತೂಗಿ, ಅಳೆದು, ಮೈಗೆ ಸಿಕ್ಕ ಗಾಳದ ಕೊಕ್ಕೆ, ದಾರಗಳನ್ನು ಹುಡುಕಿ, ಬಳೆ ತೊಡಿಸಿ ಮತ್ತೆ ನೀರಿಗೆ ಬಿಡುತ್ತಾರೆ.

ಹೀಗೆ ಲೆಕ್ಕ ಇಟ್ಟಿದ್ದರಿಂದಲೇ ಒಂದು ಭಯಾನಕ ಕುಸಿತ ಎದ್ದು ಕಂಡಿತು. 1985ರ ಹೊತ್ತಿಗೆ ಲಂಡನ್ನಿನಿಂದ ಹೆನ್ಲಿವರೆಗಿನ ನದಿಯಲ್ಲಿ ಉಳಿದಿದ್ದು ಏಳೇ ಏಳು ಜೋಡಿ ಹಂಸ. ಎಂಟು ಶತಮಾನಗಳ ರಾಜರಕ್ಷೆಯಿದ್ದ ಹಕ್ಕಿಯ ಗತಿ ಇದು.

ಕೊಂದದ್ದು ಮೀನು ಹಿಡಿಯುವವರ ಗಾಳದ ದಾರಕ್ಕೆ ಭಾರವಾಗಿ ಕಟ್ಟುವ ಸೀಸದ ಗುಂಡು. ಹಂಸಕ್ಕೆ ಹಲ್ಲಿಲ್ಲ. ಸೊಪ್ಪು ಅರೆಯಲು ಅದು ನದಿಯ ತಳದಿಂದ ಸಣ್ಣ ಕಲ್ಲು ನುಂಗುತ್ತದೆ. ದಡದಲ್ಲೂ ಕೆಸರಿನಲ್ಲೂ ಬಿದ್ದಿದ್ದ ಸೀಸವೂ ಕಲ್ಲಿನ ಜೊತೆ ಹೊಟ್ಟೆ ಸೇರಿತು. ಅರೆಯಲು ನುಂಗಿದ್ದು ತಾನೇ ಅರೆದುಹೋಗಿ ರಕ್ತಕ್ಕೆ ಇಳಿಯಿತು. ಸ್ನಾಯುಗಳು ಸೋತವು, ಒಳಗೆ ಆಹಾರವಿದ್ದೂ ಹಕ್ಕಿ ಹಸಿವಿನಿಂದ ಸತ್ತಿತು. ಮನುಷ್ಯನ ಕತ್ತಿನಲ್ಲಿ ಏಳು ಮೂಳೆ, ಜಿರಾಫೆಯದರಲ್ಲೂ ಏಳೇ. ಹಂಸದ ಕತ್ತಿನಲ್ಲಿ ಇಪ್ಪತ್ತಕ್ಕೂ ಹೆಚ್ಚು. ಆ ಕತ್ತನ್ನು ಎತ್ತಿ ಹಿಡಿಯಲಾಗದೆ ಅದು ಬೆನ್ನ ಮೇಲೆ ಮಡಚಿ ಬೀಳುತ್ತಿತ್ತು. ಇದನ್ನು ಬರೆಯುವಾಗಲೂ ಸಂಕಟವಾಗುತ್ತದೆ.

1987ರಲ್ಲಿ ಇಂಥ ಗುಂಡುಗಳ ಮಾರಾಟ ನಿಂತಿತು. ಆಗ ನಿಷೇಧಿಸಿದ ಅತಿ ಚಿಕ್ಕ ಗುಂಡಿನ ತೂಕ 0.06 ಗ್ರಾಂ. ಹತ್ತು ಕಿಲೋ ಹಂಸದ ಮುಂದೆ ಒಂದೂವರೆ ಲಕ್ಷದಲ್ಲಿ ಒಂದು ಪಾಲಿಗೂ ಕಡಿಮೆ. ಕಾನೂನು ಅಷ್ಟು ಸಣ್ಣದಕ್ಕೆ ಬಾಗಿ ನೋಡಿತು ಎಂಬುದು ನನಗೆ ರಾಜವೈಭವಕ್ಕಿಂತ ದೊಡ್ಡ ಸಂಗತಿ. ಹಂಸಗಳು ಮರಳಿದವು.

ಹಾಗೆಂದು ನೆಮ್ಮದಿಯಿಲ್ಲ. 2022ರಲ್ಲಿ 155 ಮರಿಗಳಿದ್ದದ್ದು ಮರುವರ್ಷ 94ಕ್ಕೆ, ಅದರ ಮರುವರ್ಷ 86ಕ್ಕೆ ಇಳಿಯಿತು. ಹಕ್ಕಿಜ್ವರ ಹಂಸಗಳನ್ನೂ ಬಿಟ್ಟಿರಲಿಲ್ಲ. 2020ರಲ್ಲಂತೂ ಕೋವಿಡ್‌ನಿಂದಾಗಿ ದೋಣಿಗಳೇ ಹೊರಡಲಿಲ್ಲ. ಮರಿಗಳೆಷ್ಟು ಎಂದು ಹೇಳುವವರೇ ಇರಲಿಲ್ಲ. 2025ರ ಜುಲೈನಲ್ಲಿ ಸಿಕ್ಕಿದ್ದು 115.